ಸೌತೆಕಾಯಿ ಚೆನ್ನಾಗಿದೆ

ಡ್ರೈವರ್: ಕಹಿ ಅಂದ್ರೆ ಅಂಥಿಂಥ ಕಹಿ ಅಲ್ಲ ಕಣಯ್ಯ. ಬಾಯಿ ಮುಕ್ಕಳಿಸಿ ಮೂರು ಲೋಟ ನೀರು ಕುಡಿದೆ, ಇನ್ನೂ ಗಂಟಲಲ್ಲೇ ಕೂತಿದೆ. ಇದನ್ನ ನೀನು ನಲವತ್ತು ದಿನ ತಿಂದ್ಕೊಂಡು ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳ್ಕೊಂಡು ಬಂದೆ.

ಕಂಡಕ್ಟರ್: ಚೆನ್ನಾಗಿದೆ ಅಂದೆ. ಸಿಹಿ ಇದೆ ಅಂದ್ನಾ?

ಡ್ರೈವರ್: ಸೌತೆಕಾಯಿ ಚೆನ್ನಾಗಿದೆ ಅಂದ್ರೆ ಏನರ್ಥ? ನೋಡೋಕೆ ಲಕ್ಷಣವಾಗಿದೆ ಅಂತಲಾ? ನಾನೇನು ಅದರ ಫೋಟೋ ತೆಗೆಸಿ ಗೋಡೆಗೆ ಹಾಕೋಕೆ ಬೆಳೆಸಿದ್ನಾ?

ಕಂಡಕ್ಟರ್: ಹಾಕಿದ್ರೂ ತಪ್ಪಿಲ್ಲ. ನೆಟ್ಟಗಿದೆ, ಹಸಿರಾಗಿದೆ, ಎಲ್ಲೂ ಹುಳ ಇಲ್ಲ.

ಡ್ರೈವರ್: ಹುಳ ಯಾಕಿರುತ್ತೆ? ಬಂದ ಹುಳ ಒಂದು ಬಾಯಿ ತಿಂದು ಊರು ಬಿಟ್ಟಿರುತ್ತೆ.

ಸೌತೆಬಳ್ಳಿಯ ಚಪ್ಪರದ ಎದುರು ಇಬ್ಬರೂ ನಿಂತಿದ್ದರು. ನಡುವೆ ಒಂದು ಬುಟ್ಟಿ, ಬುಟ್ಟಿಯ ತುಂಬ ಆಗಷ್ಟೇ ಕಿತ್ತ ಸೌತೆಕಾಯಿ. ಮೇಲುಗಡೆ ಇದ್ದ ಒಂದರಲ್ಲಿ ಮಾತ್ರ ಡ್ರೈವರನ ಹೊಸ ಹಲ್ಲಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು.

ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಆ ಬೀದಿಗೆ ಅವರು ಡ್ರೈವರ್ ಮತ್ತು ಕಂಡಕ್ಟರೇ. ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ಇಂಜಿನ್ನಿನ ಪಕ್ಕ ಕೂತೂ ಕೂತೂ ಡ್ರೈವರನ ಎಡಗಿವಿ ಮಂದವಾಗಿತ್ತು. ನಿಂತು ಕುಲುಕಾಡಿ ಕಂಡಕ್ಟರನ ಬೆನ್ನು ಕೆಟ್ಟಿತ್ತು. ಎರಡು ಕಟ್ಟಡಗಳ ನಡುವೆ ಒಡೆದ ಹೆಂಚು, ಸವೆದ ಟೈರು ಬಿದ್ದಿದ್ದ ಖಾಲಿ ಜಾಗವನ್ನು ಹದಿನಾಲ್ಕು ಮನೆಯವರು ಸೇರಿ ಹಸನು ಮಾಡಿ, ಮನೆಗೊಂದು ಪಾತಿ ಹಂಚಿಕೊಂಡಾಗ ಇವರೂ ಬಂದು ಸೇರಿಕೊಂಡಿದ್ದರು. ಯಾರು ಕಳೆ ಕೀಳಬೇಕು, ಯಾರು ಗೊಬ್ಬರ ಹೊರಬೇಕು ಎಂದು ಶೆಡ್ಡಿನ ಬೋರ್ಡಿನ ಮೇಲೆ ಬರೆದವಳು ಎರಡನೇ ಮಹಡಿಯ ನರ್ಸಮ್ಮ. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಕಂಡಕ್ಟರನಿಗೆ ಅವಳು ಕೊಟ್ಟಿದ್ದು ಒಂದೇ ಕೆಲಸ. ಯಾರ ಪಾತಿಯಲ್ಲಿ ಏನು ಬಿಟ್ಟರೂ ಮೊದಲು ರುಚಿ ನೋಡಿ ಹೇಳುವುದು.

ಡ್ರೈವರನ ಹಲ್ಲಿನ ಸೆಟ್ಟು ಒಸಡಿಗೆ ಒಗ್ಗಲು ಎರಡು ತಿಂಗಳು ಹಿಡಿದಿತ್ತು. ಅಲ್ಲಿಯವರೆಗೆ ಅವನು ಮೆತ್ತಗೆ ಬೇಯಿಸಿದ್ದನ್ನು ಮಾತ್ರ ತಿನ್ನುತ್ತ, ತಾನು ಬೆಳೆದ ಸೌತೆಕಾಯಿಯ ರುಚಿಯನ್ನು ಗೆಳೆಯನ ಬಾಯಿಂದ ಕೇಳಿ ತೃಪ್ತಿಪಟ್ಟುಕೊಂಡಿದ್ದ. ಇವತ್ತು ತೋಟದವರೆಲ್ಲ ಒಟ್ಟಿಗೆ ಕೂತು ಮಾಡುವ ಮೊದಲ ಊಟ. ಬೆಳಗ್ಗೆ ಧೈರ್ಯ ಮಾಡಿ ಒಂದನ್ನು ಕಚ್ಚಿದ್ದ.

ಡ್ರೈವರ್: ಮಧ್ಯಾಹ್ನ ಹದಿನಾಲ್ಕು ಮನೆಯವರು ತಟ್ಟೆ ಮುಂದೆ ಕೂತಾಗ ಇದನ್ನ ಬಡಿಸಿದ್ರೆ ನನ್ನ ಗತಿ ಏನಾಗ್ತಿತ್ತು? ಹೋಗಲಿ, ನಿಂಗೆ ನನ್ನ ಮೇಲೆ ಏನು ಸಿಟ್ಟು ಹೇಳು. ಹಳೇದೇನಾದ್ರೂ ಇದ್ರೆ ಇವತ್ತೇ ತೀರಿಸ್ಕೋ.

ಕಂಡಕ್ಟರ್: ಸಿಟ್ಟೂ ಇಲ್ಲ, ಸೆಡವೂ ಇಲ್ಲ. ನಂಗೆ ಕೊಟ್ಟಿದ್ದು ಕಹಿ ಇರಲಿಲ್ಲ ಅಷ್ಟೆ.

ಡ್ರೈವರ್: ನಲವತ್ತು ದಿನ ಕೊಟ್ಟಿದ್ದೂ ಕಹಿ ಇಲ್ಲ, ನಾನು ಕಚ್ಚಿದ್ದು ಒಂದೇ ಒಂದು, ಅದು ಮಾತ್ರ ಕಹಿ. ನನ್ನ ಹಲ್ಲಿನ ತಪ್ಪು ಅನ್ನು.

ಕಂಡಕ್ಟರ್: ಹೊಸ ಹಲ್ಲು. ಹೇಳೋಕಾಗಲ್ಲ.

ಡ್ರೈವರ್: ಹಾಗಾ. ತಗೋ, ಈಗ ನನ್ನ ಕಣ್ಣೆದುರಿಗೆ ತಿನ್ನು. ತೊಟ್ಟಿನ ಕಡೆಯಿಂದ.

ತೊಟ್ಟಿನ ಕಡೆಯೇ ಕಹಿ ಹೆಚ್ಚು ಎನ್ನುವುದು ಡ್ರೈವರನಿಗೆ ಬೆಳಗ್ಗೆಯಷ್ಟೇ ಅನುಭವದಿಂದ ತಿಳಿದಿತ್ತು. ಕಂಡಕ್ಟರ್ ಕಾಯಿಯನ್ನು ಅಂಗಿಯ ತೋಳಿಗೆ ಒರೆಸಿದ, ಕಚ್ಚಿದ, ಅಗಿದ, ನುಂಗಿದ. ಹುಬ್ಬು ಕೂಡ ಅಲುಗಲಿಲ್ಲ. ಇನ್ನೊಮ್ಮೆ ಕಚ್ಚಿದ. ಅರ್ಧ ಕಾಯಿ ಮುಗಿಯಿತು. ನೋಡುತ್ತಿದ್ದ ಡ್ರೈವರನ ಮುಖವೇ ಕಿವುಚಿಕೊಂಡಿತು.

ಡ್ರೈವರ್: ಏನಯ್ಯ ನೀನು, ಮನುಷ್ಯನಾ?

ಕಂಡಕ್ಟರ್: ಚೆನ್ನಾಗಿದೆ.

ಡ್ರೈವರ್: ಹಟಕ್ಕೆ ತಿಂತಿದ್ದೀಯ. ಮಾತ್ರೆ ನುಂಗೋಕೆ ಮುಂಚೆ ಒಂದು ಚಮಚ, ನುಂಗಿದ ಮೇಲೆ ಒಂದು ಚಮಚ ಸಕ್ಕರೆ ಕೇಳ್ತಿದ್ದ ಆಸಾಮಿ ನೀನು. ಇರು, ಇದನ್ನೂ ಒಂದು ಕೈ ನೋಡು.

ಸೌತೆಕಾಯಿಯ ಹೋಳುಗಳ ಮೇಲೆ ಹಿಂಡಲೆಂದು ಬುಟ್ಟಿಯ ಮೂಲೆಯಲ್ಲಿ ಎರಡು ನಿಂಬೆಹಣ್ಣು ಇಟ್ಟಿದ್ದರು. ಡ್ರೈವರ್ ಜೇಬಿನ ಚಾಕುವಿನಿಂದ ಒಂದನ್ನು ಹೋಳು ಮಾಡಿ ಕೊಟ್ಟ. ಕಂಡಕ್ಟರ್ ಕಿತ್ತಳೆ ತೊಳೆ ತಿಂದಷ್ಟು ಸಲೀಸಾಗಿ ಅದನ್ನು ಹೀರಿ, ಸಿಪ್ಪೆಯನ್ನು ಗೊಬ್ಬರದ ಗುಂಡಿಯ ಕಡೆ ಎಸೆದ. ಆಮೇಲೆ ಬೇರೆ ಕಡೆ ನೋಡುತ್ತ, ಹೇಳಲೋ ಬೇಡವೋ ಎಂಬಂತೆ ಮೆಲ್ಲಗೆ ಹೇಳಿದ. ಅವನು ನಿಂತಿದ್ದದ್ದು ಡ್ರೈವರನ ಎಡಗಡೆ.

ಕಂಡಕ್ಟರ್: ನಂಗೆ ನಾಲಿಗೆ ಹೋಗಿದೆ ಕಣೋ.

ಡ್ರೈವರ್: ಏನು?

ಕಂಡಕ್ಟರ್: ನಾಲಿಗೆ ಹೋಗಿದೆ.

ಡ್ರೈವರ್: ನಾಳೆಗೆ ಹೋಗಿದೆಯಾ? ಏನು, ಊಟನಾ? ಅದನ್ನ ಈಗ ಹೇಳ್ತೀಯ? ಅಲ್ಲಿ ನನ್ನ ಹೆಂಡತಿ ಬೆಳಗಿನ ಜಾವದಿಂದ ಒಲೆ ಮುಂದೆ ನಿಂತು ಕುಂಬಳಕಾಯಿ ಬೇಯಿಸ್ತಿದ್ದಾಳಲ್ಲಯ್ಯ.

ಕಂಡಕ್ಟರ್: ಏ, ಅದಲ್ಲ...

ಡ್ರೈವರ್ ಅಷ್ಟರಲ್ಲಿ ಬುಟ್ಟಿಯನ್ನೂ ಗೆಳೆಯನನ್ನೂ ಅಲ್ಲೇ ಬಿಟ್ಟು ಶೆಡ್ಡಿನ ಕಡೆ ದಾಪುಗಾಲು ಹಾಕಿದ್ದ. ನಿಜ ಹೇಳಬೇಕೆಂದರೆ ಅವನ ಎದೆಯಲ್ಲಿ ಸಣ್ಣ ಸಮಾಧಾನವೂ ಆಗಿತ್ತು. ಊಟ ನಾಳೆಗೆ ಹೋದರೆ ಮಾರುಕಟ್ಟೆಯಿಂದ ಒಳ್ಳೆಯ ಸೌತೆಕಾಯಿ ತಂದು, ತನ್ನ ಬುಟ್ಟಿಗೆ ತುಂಬಿ, ಮರ್ಯಾದೆ ಉಳಿಸಿಕೊಳ್ಳಲು ಒಂದು ರಾತ್ರಿಯ ಕಾಲಾವಕಾಶ ಸಿಗುತ್ತಿತ್ತು.

ಶೆಡ್ಡಿನಲ್ಲಿ ಅವನ ಹೆಂಡತಿ ಸೊಂಟಕ್ಕೆ ಟವೆಲ್ ಬಿಗಿದು, ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದ ಸೂಪನ್ನು ತಿರುವುತ್ತಿದ್ದಳು. ಪಕ್ಕದಲ್ಲಿ ನರ್ಸಮ್ಮ ಬದನೆಕಾಯಿಯನ್ನು ಕೆಂಡದ ಮೇಲೆ ಹೊರಳಿಸುತ್ತಿದ್ದಳು.

ಡ್ರೈವರ್: ಒಲೆ ಆರಿಸೇ. ಊಟ ನಾಳೆಗೆ ಹೋಯ್ತಂತೆ.

ಹೆಂಡತಿ: ಯಾರು ಕಳಿಸಿದ್ದು?

ಡ್ರೈವರ್: ಕಂಡಕ್ಟರ್ ಹೇಳಿದ.

ಹೆಂಡತಿ: ಈ ಪಾತ್ರೆಗೂ ಅವರೇ ಹೇಳ್ತಾರಾ, ನಾಳೆವರೆಗೂ ಹಳಸಬೇಡ ಅಂತ? ನರ್ಸಮ್ಮ, ಇದೇನಿದು?

ನರ್ಸಮ್ಮ: ನಂಗೇನೂ ಗೊತ್ತಿಲ್ಲ ಅಕ್ಕ. ಇವತ್ತೊಂದಿನ ಸಿಗಲಿ ಅಂತ ಆಸ್ಪತ್ರೆಯಲ್ಲಿ ಮೂರು ಜನರ ಕಾಲು ಹಿಡಿದು ರಜಾ ತಗೊಂಡಿದ್ದೀನಿ.

ಹೆಂಡತಿ: ಅಣ್ಣಾ, ಇಲ್ಲಿ ಬನ್ನಿ ಸ್ವಲ್ಪ.

ಬೆನ್ನು ಹಿಡಿದುಕೊಂಡು ಹಿಂದಿನಿಂದ ನಿಧಾನವಾಗಿ ಬರುತ್ತಿದ್ದ ಕಂಡಕ್ಟರ್ ಬಾಗಿಲಲ್ಲೇ ನಿಂತ. ಮೂರು ಜನ ತನ್ನನ್ನೇ ನೋಡುತ್ತಿದ್ದರು. ಮುಗಿಯಿತು, ಇವನು ಎಲ್ಲರಿಗೂ ಹೇಳಿಬಿಟ್ಟ ಎಂದುಕೊಂಡು ಅವನು ಕತ್ತು ತಗ್ಗಿಸಿದ.

ಹೆಂಡತಿ: ಇವರು ಹೇಳ್ತಿರೋದು ನಿಜಾನಾ? ಹೋಯ್ತಾ?

ಕಂಡಕ್ಟರ್: ಹೋಯ್ತು ತಂಗಿ.

ಹೆಂಡತಿ: ಯಾವಾಗ?

ಕಂಡಕ್ಟರ್: ಆರು ತಿಂಗಳಾಯ್ತು.

ಹೆಂಡತಿ: ಆರು ತಿಂಗಳಿಂದ ಗೊತ್ತಿತ್ತಾ ನಿಮಗೆ? ಅವಾಗ ನಾವಿನ್ನೂ ಬೀಜ ಕೂಡ ಹಾಕಿರಲಿಲ್ಲವಲ್ಲ.

ಕಂಡಕ್ಟರ್: ನಂಗೆ ಆ ಜ್ವರ ಬಂತಲ್ಲ, ಅದರ ಜೊತೆ ಹೋಗಿದ್ದು.

ಹೆಂಡತಿ: ಜ್ವರ ಬಂದಿದ್ದು ನಿಮಗೆ. ಅದಕ್ಕೆ ಊಟ ಯಾಕೆ ಮುಂದೆ ಹೋಗಬೇಕು?

ಕಂಡಕ್ಟರ್: ಊಟ ಮುಂದೆ ಇದ್ರೂ ಒಂದೇ, ಹಿಂದೆ ಇದ್ರೂ ಒಂದೇ ಆಗಿಬಿಟ್ಟಿದೆ ತಂಗಿ.

ಹೆಂಡತಿ: ನಿಮಗೆ ಒಂದೇ ಇರಬಹುದು. ಇಲ್ಲಿ ಎಂಟು ಕುಂಬಳಕಾಯಿ ಹೆಚ್ಚಿ ನನ್ನ ಕೈ ಬೊಬ್ಬೆ ಬಂದಿದೆ. ಒಂದು ಮಾತು ಮೊದಲೇ ಹೇಳಬಾರದಾ?

ಕಂಡಕ್ಟರ್: ಡಾಕ್ಟರಿಗೆ ಒಬ್ಬರಿಗೇ ಹೇಳಿದ್ದೆ.

ಹೆಂಡತಿ: ನಮ್ಮ ಊಟದ ವಿಷಯ ಡಾಕ್ಟರ್ ಹತ್ರ ಯಾಕೆ?

ಕಂಡಕ್ಟರ್: ಅವರೂ ಏನೂ ಮಾಡೋಕಾಗಲ್ಲ ಅಂದ್ರು. ಒಂದಿನ ತಾನಾಗೇ ವಾಪಸ್ ಬಂದ್ರೂ ಬರಬಹುದು, ಇಲ್ಲದೇನೂ ಇರಬಹುದು, ಕಾಯಿರಿ ಅಂದ್ರು.

ಡ್ರೈವರ್: ನಾಳೆನೂ ಇಲ್ಲವಾ ಹಾಗಾದ್ರೆ?

ನರ್ಸಮ್ಮ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ನಗು ಬರುವುದಕ್ಕೂ ಬರದಿರುವುದಕ್ಕೂ ಜಗಳ ನಡೆದಿತ್ತು.

ನರ್ಸಮ್ಮ: ಅಕ್ಕ, ಒಲೆ ಆರಿಸಬೇಡಿ. ಅವರು ನಾಳೆಗೆ ಅಂದಿಲ್ಲ. ನಾಲಿಗೆ ಅಂದಿದ್ದಾರೆ.

ಹೆಂಡತಿ: ನಾಲಿಗೆ?

ನರ್ಸಮ್ಮ: ರುಚಿ. ಜ್ವರದಲ್ಲಿ ಮೂಗು ನಾಲಿಗೆ ಎರಡೂ ಹೋಗಿವೆ. ಇವರಿಗೆ ಉಪ್ಪು, ಹುಳಿ, ಕಹಿ ಒಂದೂ ಗೊತ್ತಾಗಲ್ಲ. ಅಲ್ವಾ ಕಂಡಕ್ಟರ್ ಸಾಹೇಬ್ರೇ?

ಕಂಡಕ್ಟರ್ ಹೌದೆಂದು ತಲೆ ಆಡಿಸಿದ. ಡ್ರೈವರನಿಗೆ ಆ ನಿಂಬೆಹೋಳು ನೆನಪಾಯಿತು. ಬೆಳಗ್ಗೆಯಿಂದ ಕಾಯ್ದಿಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಬೆನ್ನ ಹಿಂದೆ ನಿಂತವನ ಶಿಳ್ಳೆಯನ್ನು ನಂಬಿ, ತಿರುಗಿಯೂ ನೋಡದೆ ಗಾಡಿ ಓಡಿಸಿದವನು ಅವನು. ಆ ಮನುಷ್ಯ ಆರು ತಿಂಗಳಿಂದ ಇಂಥದ್ದೊಂದನ್ನು ಬಚ್ಚಿಟ್ಟುಕೊಂಡು ತಿರುಗಿದ್ದಾನೆ.

ಡ್ರೈವರ್: ನಂಗೆ ಯಾಕೆ ಹೇಳಲಿಲ್ಲ?

ಕಂಡಕ್ಟರ್: ಈಗ ಹೇಳಿದೆನಲ್ಲ. ನೀನು ಊಟ ನಿಲ್ಲಿಸೋಕೆ ಹೊರಟೆ.

ಡ್ರೈವರ್: ತಮಾಷೆ ಬಿಡು. ಮನೇಲಿರೋ ನಿಮ್ಮಕ್ಕನಿಗಾದ್ರೂ ಗೊತ್ತಾ?

ಕಂಡಕ್ಟರ್: ಅಕ್ಕನಿಗಾ? ಅವಳಿಗೆ ಗೊತ್ತಾದ್ರೆ ನಾಳೆಯಿಂದ ಅಡುಗೆಗೆ ಉಪ್ಪು ಹಾಕೋದನ್ನೇ ಬಿಡ್ತಾಳೆ. ಹೇಗಿದ್ರೂ ಗೊತ್ತಾಗಲ್ಲವಲ್ಲ, ಉಳೀಲಿ ಅಂತ.

ಹೆಂಡತಿ: ಮತ್ತೆ ರುಚಿ ನೋಡೋ ಕೆಲಸ ಯಾಕೆ ಒಪ್ಕೊಂಡ್ರಿ ಅಣ್ಣ?

ಕಂಡಕ್ಟರ್ ಬೋರ್ಡಿನ ಕಡೆ ನೋಡಿದ. ಅವನ ಹೆಸರು ಎಲ್ಲಕ್ಕಿಂತ ಕೆಳಗಿತ್ತು.

ಕಂಡಕ್ಟರ್: ಅವತ್ತು ನರ್ಸಮ್ಮ ಇಲ್ಲಿ ನಿಂತು ಒಬ್ಬೊಬ್ಬರಿಗೂ ಕೆಲಸ ಹಂಚ್ತಿದ್ರು. ನನ್ನ ಸರದಿ ಬಂದಾಗ ಇಡೀ ಶೆಡ್ಡು ಸುಮ್ಮನಾಯ್ತು. ಅಗೆಯೋಕಾಗಲ್ಲ, ಹೊರೋಕಾಗಲ್ಲ, ನೀರಿನ ಕ್ಯಾನ್ ಎತ್ತೋಕಾಗಲ್ಲ. ಕೊನೆಗೆ, ನೀವು ರುಚಿ ನೋಡಿ ಅಂದ್ರು. ಅದೂ ಆಗಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಬರೋರು ಹೋಗೋರ ಚಪ್ಪಲಿ ನೋಡ್ತಾ ಕೂತಿರಬೇಕಿತ್ತು. ಹೋಗಲಿ, ಈಗ ಗೊತ್ತಾಯ್ತಲ್ಲ. ಬೋರ್ಡಿಂದ ಅಳಿಸಿಬಿಡಿ ನರ್ಸಮ್ಮ.

ನರ್ಸಮ್ಮ: ಯಾಕೆ ಅಳಿಸಲಿ? ನಂಗೆ ಎರಡನೇ ವಾರಾನೇ ಗೊತ್ತಾಗಿತ್ತು.

ಕಂಡಕ್ಟರ್: ಹೇಗೆ?

ನರ್ಸಮ್ಮ: ಮೂಲೆ ಪಾತಿಯವರ ಮೂಲಂಗಿ ತಿಂದ್ರಲ್ಲ. ಆ ಖಾರಕ್ಕೆ ನನ್ನ ಕಣ್ಣಲ್ಲಿ ದಳದಳ ನೀರು. ನೀವು ನನ್ನನ್ನ ನೋಡಿ, ಮನೇಲೇನಾದ್ರೂ ತೊಂದರೆನಾ ತಾಯಿ ಅಂತ ಸಮಾಧಾನ ಮಾಡಿದ್ರಿ.

ಹೆಂಡತಿ: ಗೊತ್ತಿದ್ದೂ ಸುಮ್ಮನಿದ್ರಾ?

ನರ್ಸಮ್ಮ: ಅಕ್ಕ, ನಾನು ಇವರನ್ನ ಇಟ್ಟಿದ್ದು ನಾಲಿಗೆಗಲ್ಲ, ಬಾಯಿಗೆ. ಇವರು ಬಂದು ಒಂದೊಂದು ಪಾತಿ ಮುಂದೆ ನಿಂತು, ಟೊಮೆಟೊ ಚೆನ್ನಾಗಿದೆ, ನಿಮ್ಮ ಬೀನ್ಸಿಗೆ ಸಾಟಿಯಿಲ್ಲ ಅಂತ ಹೇಳಿ ಹೋಗ್ತಾರಲ್ಲ, ಅದನ್ನ ಕೇಳೋಕೆ ಅಂತಲೇ ಅರ್ಧ ಜನ ಬೆಳಗ್ಗೆ ಎದ್ದು ಬಂದು ನೀರು ಹಾಕ್ತಾರೆ. ನಿಜ ಹೇಳೋರನ್ನ ಇಟ್ಟಿದ್ರೆ ಈ ತೋಟ ಮೂರೇ ವಾರಕ್ಕೆ ಒಣಗಿ ಹೋಗ್ತಿತ್ತು.

ಡ್ರೈವರ್: ನನ್ನ ವಿಷಯದಲ್ಲಿ ಮಾತ್ರ ಉಲ್ಟಾ ಆಯ್ತು ನೋಡಿ. ಇವನು ಚೆನ್ನಾಗಿದೆ ಅಂದಿದ್ದಕ್ಕೆ, ಚೆನ್ನಾಗಿರೋದಕ್ಕೆ ದಿನಾ ಯಾಕೆ ನೀರು ಅಂತ ನಾನು ನಾಲ್ಕು ದಿನಕ್ಕೊಂದು ಸಲ ಹಾಕ್ದೆ.

ನರ್ಸಮ್ಮ: ಸರಿಹೋಯ್ತು. ನೀರು ಬಿಟ್ಟು ಬಿಟ್ಟು ಹಾಕಿದ್ರೆ ಸೌತೆ ಕಹಿಯಾಗದೆ ಇನ್ನೇನಾಗುತ್ತೆ?

ಡ್ರೈವರ್: ಅಂದ್ರೆ ನಿಮಗೂ ಗೊತ್ತಿತ್ತಾ, ಕಹಿ ಅಂತ?

ನರ್ಸಮ್ಮ ಒಮ್ಮೆಲೇ ಬದನೆಕಾಯಿ ಹೊರಳಿಸುವುದರಲ್ಲಿ ಮಗ್ನಳಾದಳು. ಡ್ರೈವರ್ ಹೆಂಡತಿಯತ್ತ ತಿರುಗಿದ. ಅವಳು ಸೂಪು ತಿರುವುವುದರಲ್ಲಿ ಮಗ್ನಳಾದಳು.

ಡ್ರೈವರ್: ನಿನಗೂ?

ಹೆಂಡತಿ: ಮೊದಲನೇ ದಿನವೇ ತಿಂದಿದ್ದೆ. ನಿಮಗೆ ಹೇಳಿದ್ದೆ ಕೂಡ.

ಡ್ರೈವರ್: ನಂಗೆ ಹೇಳಲೇ ಇಲ್ಲ ನೀನು.

ಹೆಂಡತಿ: ಹೇಳಿದೆ ರೀ. ಅವತ್ತು ನಿಮ್ಮ ಎಡಗಡೆ ಕೂತಿದ್ದೆ.

ಡ್ರೈವರ್: ಹದಿಮೂರು ಮನೆಗೂ ಹಂಚಿದ್ದೀನಲ್ಲೇ. ಬಾಗಿಲು ತಟ್ಟಿ ತಟ್ಟಿ ಕೊಟ್ಟಿದ್ದೀನಿ.

ಹೆಂಡತಿ: ಅದಕ್ಕೇ ಈಗೀಗ ಯಾರೂ ತಟ್ಟಿದ ತಕ್ಷಣ ತೆಗೀತಿರಲಿಲ್ಲ. ಮೇಲಿನ ಮನೆಯಾಕೆ ಹೋದ ವಾರ ನನ್ನ ಕೈ ಹಿಡ್ಕೊಂಡು, ಇನ್ನು ಸಾಕು, ನಿಮಗೇ ಇರಲಿ ಅಂದ್ಲು. ಎಷ್ಟು ಒಳ್ಳೆ ಮನಸ್ಸು ಅಂತ ಇವರು ಇನ್ನೂ ನಾಲ್ಕು ಕೊಟ್ಟು ಬಂದ್ರು ಕಂಡಕ್ಟರಣ್ಣ.

ಕಂಡಕ್ಟರ್ ನಕ್ಕ. ಬೆಳಗ್ಗೆಯಿಂದ ಅವನ ಮುಖದಲ್ಲಿ ಕಂಡ ಮೊದಲ ನಗು ಅದು. ಡ್ರೈವರನಿಗೆ ಮೈಯೆಲ್ಲ ನಾಚಿಕೆಯಾಯಿತು. ಬೆನ್ನ ಹಿಂದೆ ಇಡೀ ಬೀದಿ ತನ್ನನ್ನು ನೋಡಿ ಬಾಗಿಲು ಹಾಕಿಕೊಂಡಿದ್ದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ಆದರೂ ಗೆಳೆಯನ ನಗುವಿನ ಎದುರು ಗಂಟುಮುಖ ಹಾಕಿಕೊಂಡಿರುವುದು ಅವನಿಂದಾಗಲಿಲ್ಲ. ಹೊರಗೆ ಹೋಗಿ ಬುಟ್ಟಿಯನ್ನು ಎತ್ತಿಕೊಂಡ. ಕಂಡಕ್ಟರ್ ಜೊತೆಗೇ ಬಂದ, ಈ ಸಲ ಬಲಗಡೆಯಿಂದ.

ಗೊಬ್ಬರದ ಗುಂಡಿಯ ಅಂಚಿನಲ್ಲಿ ಡ್ರೈವರ್ ಬುಟ್ಟಿಯನ್ನು ಓರೆ ಮಾಡಿದ. ಸೌತೆಕಾಯಿಗಳು ದಡಬಡನೆ ಉರುಳಿದವು. ಕೊನೆಯದೊಂದನ್ನು ಕಂಡಕ್ಟರ್ ಗುಂಡಿಗೆ ಬೀಳುವ ಮುಂಚೆ ಹಿಡಿದುಕೊಂಡ.

ಡ್ರೈವರ್: ಅದನ್ನ ಯಾಕೋ ತಗೋತೀಯ? ಬಿಸಾಕು.

ಕಂಡಕ್ಟರ್: ಇರಲಿ ಬಿಡು. ಕಚ್ಚಿದ್ರೆ ಕರುಮ್ ಅನ್ನುತ್ತಲ್ಲ, ಅದೊಂದು ಇನ್ನೂ ನಂಗೆ ಉಳಿದಿದೆ. ಅನ್ನ, ಸೂಪು ಎಲ್ಲಾ ಬಾಯಲ್ಲಿ ಒದ್ದೆ ಬಟ್ಟೆ ಇಟ್ಕೊಂಡ ಹಾಗಿರುತ್ತೆ. ನಿನ್ನ ಸೌತೆಕಾಯಿ ಹಾಗಲ್ಲ. ಆರು ತಿಂಗಳಲ್ಲಿ ನಾನು ಇಷ್ಟಪಟ್ಟು ತಿಂದಿದ್ದು ಇದನ್ನೇ. ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ ಕಣೋ.

ಡ್ರೈವರ್ ಖಾಲಿ ಬುಟ್ಟಿಯ ತಳವನ್ನು ಮಣ್ಣು ಉದುರಿಸುವವನಂತೆ ಎರಡು ಸಲ ಬಡಿದ. ಬೀಳಲು ಅದರಲ್ಲಿ ಮಣ್ಣೇ ಇರಲಿಲ್ಲ.

ಡ್ರೈವರ್: ನಾಳೆಯಿಂದ ದಿನಾ ನೀರು ಹಾಕ್ತೀನಿ.

ಕಂಡಕ್ಟರ್: ಹಾಕು. ಆದ್ರೆ ಮೆತ್ತಗೆ ಮಾಡಬೇಡ.

ಮಧ್ಯಾಹ್ನ ಪಾತಿಗಳ ನಡುವಿನ ದಾರಿಯಲ್ಲಿ ಹಲಗೆಗಳನ್ನು ಉದ್ದನೆಯ ಮೇಜಿನಂತೆ ಜೋಡಿಸಿ, ಮೇಲೆ ಹಳೆಯ ಪರದೆ ಬಟ್ಟೆ ಹಾಸಿದರು. ಪ್ರತಿ ಮನೆಯಿಂದಲೂ ಒಂದೊಂದು ಕುರ್ಚಿ ಬಂದಿತ್ತು, ಒಂದರಂತೆ ಇನ್ನೊಂದಿರಲಿಲ್ಲ. ಕುಂಬಳಕಾಯಿ ಸೂಪು, ಸುಟ್ಟ ಬದನೆಕಾಯಿ, ಬೇಯಿಸಿದ ಜೋಳದ ತೆನೆ, ಹೆಚ್ಚಿದ ಟೊಮೆಟೊ, ಬೆಣ್ಣೆಯಲ್ಲಿ ಬಾಡಿಸಿದ ಸೊಪ್ಪು. ಎಲ್ಲವೂ ಕೂತ ಜಾಗದಿಂದ ನಾಲ್ಕು ಹೆಜ್ಜೆಯ ಒಳಗೆ ಬೆಳೆದದ್ದು. ಸೌತೆಕಾಯಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಊಟಕ್ಕೆ ಮೊದಲು ಕಂಡಕ್ಟರ್ ವಾಡಿಕೆಯಂತೆ ಮೇಜಿನ ಉದ್ದಕ್ಕೂ ನಡೆದು, ಒಂದೊಂದನ್ನೂ ಚಿವುಟಿ ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ಹೇಳಿ ಬಂದ. ಹೇಳಿಸಿಕೊಂಡವರ ಮುಖ ಅರಳಿತು. ಬಂದು ಡ್ರೈವರನ ಪಕ್ಕದಲ್ಲಿ ಕೂತ.

ಕಂಡಕ್ಟರ್: ಈಗ ನೀನು ಹೇಳು. ಸೂಪು ಹೇಗಿದೆ?

ಡ್ರೈವರ್: ಚೆನ್ನಾಗಿದೆ.

ಕಂಡಕ್ಟರ್: ಆ ಮಾತನ್ನ ನಾನು ನಾಲ್ಕು ತಿಂಗಳಿಂದ ಆಡ್ತಿದ್ದೀನಿ. ಅದರೊಳಗೆ ಏನೂ ಇಲ್ಲ ಅಂತ ನಂಗೆ ಗೊತ್ತು. ಸರಿಯಾಗಿ ಹೇಳು.

ಡ್ರೈವರ್ ಇನ್ನೊಂದು ಚಮಚ ಕುಡಿದ. ಕಣ್ಣು ಮುಚ್ಚಿದ. ರುಚಿಯ ಬಗ್ಗೆ ಮಾತಾಡಿ ಅವನಿಗೆ ರೂಢಿಯಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ರಸ್ತೆ.

ಡ್ರೈವರ್: ಹೊಸದಾಗಿ ಟಾರು ಹಾಕಿದ ರಸ್ತೆ ಇದ್ದ ಹಾಗಿದೆ. ಎಲ್ಲೂ ಹಳ್ಳ ಇಲ್ಲ, ಉಬ್ಬು ಇಲ್ಲ. ನುಣ್ಣಗೆ ಹೋಗ್ತಾ ಇರುತ್ತೆ.

ಕಂಡಕ್ಟರ್: ಅಷ್ಟೇನಾ?

ಡ್ರೈವರ್: ಅಷ್ಟೆ. ಉಪ್ಪು ಕಮ್ಮಿ. ಮೂರು ಮೈಲಿ ಹೋದ ಮೇಲೆ ನಿದ್ದೆ ಬರುತ್ತೆ.

ಕಂಡಕ್ಟರ್: ಬದನೆಕಾಯಿ?

ಡ್ರೈವರ್: ಇಳಿಜಾರಲ್ಲಿ ಬ್ರೇಕ್ ಹಿಡಿದು ಹಿಡಿದು ಒಂದು ಸುಟ್ಟ ವಾಸನೆ ಬರ್ತಿತ್ತಲ್ಲ, ಅದು. ಆದ್ರೆ ಒಳ್ಳೇ ಥರದ್ದು. ಕೆಳಗೆ ತಲುಪಿದ ಮೇಲೆ ಬರೋ ಅಂಥದ್ದು.

ಕಂಡಕ್ಟರ್: ಹಾಂ. ಗೊತ್ತಾಯ್ತು. ಜೋಳ?

ಡ್ರೈವರ್: ಸ್ಕೂಲ್ ಬಿಟ್ಟಾಗ ಮಕ್ಕಳು ನಮ್ಮ ಗಾಡಿಗೆ ನುಗ್ತಿದ್ವಲ್ಲ. ಒಂದೇ ಸಲ, ಎಲ್ಲಾ ಕಡೆಯಿಂದ.

ಕಂಡಕ್ಟರ್ ತೆನೆಯನ್ನು ಕಚ್ಚಿ, ಕಣ್ಣು ಮುಚ್ಚಿ ನಿಧಾನವಾಗಿ ಅಗಿದ. ಕಾಳುಗಳು ಅವನ ಬಾಯಲ್ಲಿ ಏನಾದವೋ ಅವನಿಗೇ ಗೊತ್ತು. ಕೈ ಮಾತ್ರ ಇನ್ನೊಂದು ತೆನೆಗೆ ಹೋಯಿತು.

ಇಷ್ಟನ್ನೂ ಡ್ರೈವರ್ ಪಿಸುಮಾತಿನಲ್ಲಿ ಹೇಳಿದ್ದೇನೆಂದೇ ತಿಳಿದಿದ್ದ. ಮಂದ ಕಿವಿಯವರ ಪಿಸುಮಾತು ಅವರಿಗೆ ಕೇಳುವಷ್ಟು ಜೋರಾಗಿರುತ್ತದೆ. ತಲೆ ಎತ್ತಿ ನೋಡಿದರೆ ಮೇಜಿನ ಆ ತುದಿಯವರೆಗೂ ಚಮಚಗಳು ನಿಂತಿದ್ದವು. ನರ್ಸಮ್ಮ ತನ್ನ ಬದನೆಕಾಯಿಯ ತಟ್ಟೆಯನ್ನು ಹೆಮ್ಮೆಯಿಂದ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಸೊಪ್ಪು ಬಾಡಿಸಿದವರು, ಟೊಮೆಟೊ ಹೆಚ್ಚಿದವರು ತಮ್ಮ ಪಾತ್ರೆಗಳನ್ನು ಮೆಲ್ಲಗೆ ಅವನ ಕಡೆ ಸರಿಸುತ್ತಿದ್ದರು. ಎದುರಿಗೆ ಅವನ ಹೆಂಡತಿ ಸೂಪಿನ ಸೌಟು ಹಿಡಿದು ನಿಂತಿದ್ದಳು.

ಹೆಂಡತಿ: ಉಪ್ಪು ಕಮ್ಮಿ ಅಂದ್ರಾ?

ಡ್ರೈವರ್: ಇವನಿಗೆ ಹೇಳ್ತಿದ್ದೆ ಕಣೇ. ಇವನಿಗೆ ಗೊತ್ತಾಗಲ್ಲವಲ್ಲ, ಅದಕ್ಕೆ.

ಹೆಂಡತಿ: ಟಾರು ರಸ್ತೆ ಅಂದ್ರಿ.

ಡ್ರೈವರ್: ಹೊಸ ಟಾರು ಅಂದೆ.

ಹೆಂಡತಿ: ಮೂವತ್ತೊಂದು ವರ್ಷದಿಂದ ಬಡಿಸ್ತಿದ್ದೀನಿ. ಹೇಗಿದೆ ಅಂತ ಕೇಳಿದ್ರೆ ಹ್ಞೂಂ ಅನ್ನೋದು ಬಿಟ್ಟು ಇನ್ನೊಂದು ಮಾತು ಈ ಬಾಯಿಂದ ಬಂದಿರಲಿಲ್ಲ. ಇವತ್ತು ಗೆಳೆಯ ಕೇಳಿದ ಅಂತ ರಸ್ತೆ, ಬ್ರೇಕು, ಸ್ಕೂಲ್ ಮಕ್ಕಳು ಎಲ್ಲಾ ಇಳಿದು ಬರ್ತಿದ್ದಾರೆ.

ಬೈಗುಳ ಇನ್ನೂ ಇದೆ ಎಂದು ಡ್ರೈವರ್ ಕಾದ. ಅವಳು ಬೈಯಲಿಲ್ಲ. ಒಂದು ಖಾಲಿ ಕುರ್ಚಿ ಎಳೆದುಕೊಂಡು, ಸೌಟನ್ನು ತೊಡೆಯ ಮೇಲಿಟ್ಟು, ಅವನ ಬಲಗಿವಿಗೆ ಸರಿಯಾಗಿ ಕೂತಳು.

ಹೆಂಡತಿ: ಈಗ ನಾನೂ ಕೇಳಿಸ್ಕೋತೀನಿ. ಈ ಸೂಪು ಬಿಡಿ. ಮೂವತ್ತೊಂದು ವರ್ಷ ನನ್ನ ಕೈಯಡುಗೆ ಉಂಡಿದ್ದೀರಿ. ಒಟ್ಟು ಹೇಗಿತ್ತು, ಹೇಳಿ.

ಮೇಜಿನ ಸುತ್ತ ಇದ್ದವರೆಲ್ಲ ಕಾಯುತ್ತಿದ್ದರು. ಡ್ರೈವರ್ ಇಪ್ಪತ್ತೆರಡು ವರ್ಷದ ಅಭ್ಯಾಸಬಲದಿಂದ ಕಂಡಕ್ಟರನ ಕಡೆ ತಿರುಗಿದ.

ಕಂಡಕ್ಟರ್ ಎರಡು ಜೋಳದ ತೆನೆಗಳನ್ನು ತಟ್ಟೆಗೆ ಹಾಕಿಕೊಂಡು, ಬೆನ್ನು ಹಿಡಿದು ಎದ್ದು ನಿಂತಿದ್ದ.

ಕಂಡಕ್ಟರ್: ನಾನು ಈ ಸ್ಟಾಪಲ್ಲಿ ಇಳ್ಕೋತೀನಿ.